ಮಣ್ಣಿನ ಫೀಸು

ನವೆಂಬರ್ 13, ಬೆಳಿಗ್ಗೆ 9.40. ಸೌದಿಯ ಹಫ್ರ್ ಅಲ್ ಬಾತಿನ್‌ನ ಪೊಲೀಸ್ ಠಾಣೆಗೆ ಇಮ್ತಿಯಾಜ್ ಬಂದದ್ದು ದೂರು ಕೊಡಲಿಕ್ಕಲ್ಲ, ವಾಯಿದೆ ಕೇಳಲಿಕ್ಕೆ. ಟೈರ್ ಅಂಗಡಿಯಲ್ಲಿ ದುಡಿಯುವ ಅವನ ಕೈಯಲ್ಲಿ ಒಂದು ರಸೀದಿ ಇತ್ತು. ಎಷ್ಟು ಸಲ ಮಡಚಿ ಬಿಚ್ಚಿದ್ದನೋ, ನಡುವೆ ಹರಿಯುವುದಕ್ಕೆ ಬಂದಿತ್ತು. ಅವನ ಅರೆಬರೆ ಅರಬಿ ಯಾರಿಗೂ ಅರ್ಥವಾಗದೆ, ಎದುರಿನ ಅತ್ತರಿನ ಅಂಗಡಿಯಿಂದ ಭಟ್ಕಳದ ರಿಝ್ವಾನ್‌ನನ್ನು ಕರೆಸಲಾಯಿತು. ಒಬ್ಬನ ಮನೆಮಾತು ಬ್ಯಾರಿ, ಇನ್ನೊಬ್ಬನದು ನವಾಯತಿ. ಇಬ್ಬರಿಗೂ ಕನ್ನಡವೇ ಗತಿ.

“ನನ್ನ ಮಾವ ಪೊಡಿಯಬ್ಬ ತೀರಿಕೊಂಡು ಹತ್ತು ದಿನ ಆಯ್ತು. ಮಯ್ಯತ್ ಇನ್ನೂ ಆಸ್ಪತ್ರೆಯ ಫ್ರಿಜ್ಜಲ್ಲಿ ಉಂಟು. ಮಣ್ಣಿನ ಫೀಸು ಮೂರೂವರೆ ಸಾವಿರ ರಿಯಾಲ್. ಎರಡು ಸಾವಿರ ಕಟ್ಟಿದ್ದೇನೆ. ಉಳಿದದ್ದಕ್ಕೆ ಸಂಬಳ ಆಗುವವರೆಗೆ ಟೈಮ್ ಕೊಡ್ಲಿಕ್ಕೆ ಹೇಳಿ ಇವರಿಗೆ.”

ರಿಝ್ವಾನ್ ಅರಬಿಯಲ್ಲಿ ಹೇಳಿದ. ಕ್ಯಾಪ್ಟನ್ ಫಾರಿಸ್ ಪೆನ್ನು ಕೆಳಗಿಟ್ಟರು.

“ಯಾವ ಫೀಸು? ದಫನಕ್ಕೆ ಇಲ್ಲಿ ಒಂದು ರಿಯಾಲೂ ಇಲ್ಲ.”

ಇದನ್ನು ಕೇಳಿ ಇಮ್ತಿಯಾಜ್‌ಗೆ ಸಮಾಧಾನವಾಗಲಿಲ್ಲ. ಸಾಹೇಬರು ಸಿಟ್ಟಿನಲ್ಲಿ ಹೀಗೆ ಹೇಳುತ್ತಿದ್ದಾರೆ, ಇನ್ನು ಮಯ್ಯತ್ ಕೊಡುವುದೇ ಇಲ್ಲ ಎಂದುಕೊಂಡ.

“ಹಣ ಯಾರ ಕೈಗೆ ಕೊಟ್ಟೆ?”

“ಟೈಪಿಂಗ್ ಅಂಗಡಿಯ ಸವಾದ್ ಕಾಕನ ಕೈಗೆ. ಐದನೇ ತಾರೀಕು. ಅವರು ಒಳ್ಳೆ ಜನ ಸರ್. ನಗರಸಭೆಗೆ ಕಟ್ಟಿ ರಸೀದಿ ತಂದುಕೊಟ್ಟರು.”

“ನೀನೇ ನಗರಸಭೆಗೆ ಹೋಗಿ ಯಾಕೆ ಕೇಳಲಿಲ್ಲ?”

“ಎಂತ ಕೇಳುವುದು? ವಂತಿಗೆ ಬಾಕಿ ತೀರಿಸದೆ ನಮ್ಮೂರ ಮಸೀದಿ ಜಮಾಅತಿನಲ್ಲಿ ನಿಕಾಹ್‌ಗೆ ಕಾಗದ ಸಿಗುದಿಲ್ಲ, ಕಬರಿಗೆ ಜಾಗ ಸಿಗುದಿಲ್ಲ. ಇಲ್ಲಿ ಇಲ್ಲದೆ ಇರ್ತದಾ?”

ಅವನ ಫೋನು ನಡುಗಿತು. ಪರದೆಯ ಮೇಲೆ ಊರಿನಲ್ಲಿದ್ದ ಅತ್ತೆ, ಪೊಡಿಯಬ್ಬನ ಹೆಂಡತಿ ಮೈಮೂನತ್‌ರ ಹೆಸರು. ಆ ಬೆಳಿಗ್ಗೆ ಅದು ನಾಲ್ಕನೆಯ ಕರೆ. ಅವನು ಎತ್ತಲಿಲ್ಲ.

10.30. ನಗರಸಭೆಯ ಗುಮಾಸ್ತ ರಸೀದಿ ನೋಡಿದ. ಮೊಹರು ತಮ್ಮದಲ್ಲ. ಇಲ್ಲೇ ದಫನ ಮಾಡಲು ಪೊಡಿಯಬ್ಬನ ಮನೆಯವರ ಸಮ್ಮತಿಪತ್ರ ಬಾರದ್ದರಿಂದ ಕಡತ ಹಾಗೆಯೇ ಬಿದ್ದಿದೆ. ಫಾರಿಸ್ ರಸೀದಿಯ ನಾಲ್ಕನೆಯ ಸಾಲಿನ ಮೇಲೆ ಬೆರಳಿಟ್ಟರು. ‘ಹಿಂದಿನ ಬಾಕಿ: ಇಲ್ಲ’ ಎಂದಿತ್ತು.

“ಸತ್ತವನಿಗೆ ಹಿಂದಿನ ಬಾಕಿ ಎಂಥದು?”

ಗುಮಾಸ್ತ ನಕ್ಕ. ರಿಝ್ವಾನ್ ನಗಲಿಲ್ಲ. “ಅದು ನಮ್ಮ ಕಡೆಯ ಜಮಾಅತ್ ರಸೀದಿಯ ಸಾಲು ಸರ್. ಇದನ್ನು ಮಾಡಿದವನು ಊರಿನವನು” ಎಂದ.

11.45. ಸರ್ಕಾರಿ ಕಾಗದಪತ್ರ ಮಾಡಿಕೊಡುವ ಟೈಪಿಂಗ್ ಅಂಗಡಿ. ಐವತ್ತು ದಾಟಿದ ಸವಾದ್ ಪೊಲೀಸರಿಗೆ ಚಹಾ ತರಿಸಲು ಹೊರಟ. ಫಾರಿಸ್ ಬೇಡವೆಂದರು.

“ಈ ರಸೀದಿ ಕೊಟ್ಟವರು ಯಾರು?”

“ಅಬ್ದುಲ್ ಬಾರಿ ಅಂತ, ನಗರಸಭೆಯವನು. ಹಣ ಅವನಿಗೇ ಕೊಟ್ಟೆ.”

“ಅವನ ನಂಬರು?”

“ಫೋನಿನಿಂದ ಅಳಿಸಿ ಹೋಗಿದೆ.”

ಪೇದೆ ಹಮ್ಮಾದ್ ಮೇಜಿನ ಖಾನೆ ಎಳೆದ. ಕೊರಿಯರ್ ಲಕೋಟೆಯೊಳಗೆ ಮೈಮೂನತ್ ಹೆಬ್ಬೆಟ್ಟು ಒತ್ತಿದ ಸಮ್ಮತಿಪತ್ರ ಇತ್ತು. ನಾಲ್ಕು ದಿನದ ಹಿಂದೆಯೇ ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ಇಮ್ತಿಯಾಜ್ ಅದನ್ನು ಕಂಡು ಒಳಗೆ ಬಂದ. “ಇನ್ನೂ ಬರಲಿಲ್ಲ ಹೇಳಿದ್ರಲ್ಲ ಕಾಕಾ” ಎಂದ.

ಸವಾದ್‌ನ ಫೋನಿನಲ್ಲಿ ಊರಿನ ಜಮಾಅತಿನ ರಸೀದಿಯೊಂದರ ಫೋಟೋ ಸಿಕ್ಕಿತು, ದಿನಾಂಕ ನವೆಂಬರ್ 6. ರಿಝ್ವಾನ್ ಓದಿ ಹೇಳಿದ: ಸವಾದ್‌ನ ಮಗಳು ಶಮೀರಾಳ ನಿಕಾಹ್‌ಗೆ ಕಾಗದ ಕೊಡಲು ಕಟ್ಟಿಸಿಕೊಂಡದ್ದು. ಹಿಂದಿನ ಬಾಕಿ ಹದಿನೆಂಟು ವರ್ಷದ್ದು. ಸಾಲುಗಳೆಲ್ಲ ಇಮ್ತಿಯಾಜ್‌ನ ರಸೀದಿಯ ಕ್ರಮದಲ್ಲೇ ಇದ್ದವು. ಊರಿನದರಲ್ಲಿ ಮನೆ ನಂಬರ್ ಇದ್ದ ಕಡೆ ಇಮ್ತಿಯಾಜ್‌ನದರಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿಯ ನಂಬರ್, ಅಷ್ಟೇ ವ್ಯತ್ಯಾಸ. ಇನ್ನೂ ಕಟ್ಟಬೇಕಾದದ್ದು ಮೂವತ್ತನಾಲ್ಕು ಸಾವಿರ ರೂಪಾಯಿ. ಹಮ್ಮಾದ್ ಲೆಕ್ಕ ಹಾಕಿದ, ಸುಮಾರು ಒಂದೂವರೆ ಸಾವಿರ ರಿಯಾಲ್, ಇಮ್ತಿಯಾಜ್‌ನ ಬಾಕಿಯಷ್ಟೇ.

1.20ಕ್ಕೆ ಪಕ್ಕದ ಅಂಗಡಿಯ ಇಬ್ಬರ ಸಮಕ್ಷಮ ಮಹಜರು ಮುಗಿಯಿತು. ಸವಾದ್‌ನನ್ನು ಬಂಧಿಸಲಾಯಿತು. ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ಒಂದೇ ಪುಟದ್ದು.

“ಹನ್ನೆರಡು ವರ್ಷದಿಂದ ಮಯ್ಯತ್ ಕಾಗದ ಬಿಟ್ಟಿ ಮಾಡಿಕೊಡ್ತಾ ಇದ್ದೆ. ಬಂದವರೆಲ್ಲ ಮೊದಲು ಕೇಳುದು ಒಂದೇ, ಮಣ್ಣಿಗೆ ಎಷ್ಟು ಕಟ್ಟಬೇಕು ಅಂತ. ಏನೂ ಇಲ್ಲ ಮಾರಾಯಾ ಅಂತಿದ್ದೆ. ಐದನೇ ತಾರೀಕು ಬೆಳಿಗ್ಗೆ ಊರಿಂದ ಫೋನ್ ಬಂತು, ಬಾಕಿ ತೀರಿಸದೆ ಶಮೀರಾಳಿಗೆ ಕಾಗದ ಇಲ್ಲಾಂತ. ಹುಡುಗನ ಮನೆಯವರು ಕಾಯುವವರಲ್ಲ. ಮಧ್ಯಾಹ್ನ ಇಮ್ತಿಯಾಜ್ ಬಂದು ಅದನ್ನೇ ಕೇಳಿದ. ಏನೂ ಇಲ್ಲ ಅನ್ಲಿಕ್ಕೆ ಬಾಯಿ ಬರಲಿಲ್ಲ.”

ಮರುದಿನ ಸಂಜೆ ಅಸರ್ ನಮಾಝಿನ ನಂತರ ಪೊಡಿಯಬ್ಬನ ದಫನವಾಯಿತು. ಗುರುತೇ ಇಲ್ಲದ ನಲವತ್ತು ಜನ ಹೆಗಲು ಕೊಟ್ಟರು, ಮಣ್ಣು ಹಾಕಿದರು. ಇಮ್ತಿಯಾಜ್ ಒಂದು ಕೈಯನ್ನು ಕಿಸೆಯ ಮೇಲೆಯೇ ಇಟ್ಟುಕೊಂಡಿದ್ದ. ಗೇಟಿನವರೆಗೆ ಬಂದರೂ ಯಾರೂ ಏನೂ ಕೇಳಲಿಲ್ಲ.

ಅಲ್ಲಿಂದಲೇ ಊರಿಗೆ ಫೋನ್ ಮಾಡಿದ. “ಆಯ್ತು ಮಾಮಿ. ಮಣ್ಣಾಯ್ತು.”

ಮೈಮೂನತ್ ಬಹಳ ಹೊತ್ತು ಅತ್ತರು. ಆಮೇಲೆ ಮೂಗು ಒರೆಸಿಕೊಂಡು ಕೇಳಿದರು, “ರಸೀದಿ ಕೊಟ್ರಾ ಮಗಾ?”

“ಇಲ್ಲಿ ರಸೀದಿ ಇಲ್ಲ ಮಾಮಿ. ಹಣವೇ ಇಲ್ಲ.”



“ಹಾಗಾದರೆ ನಾಳೆ ಯಾರಾದರೂ ಅವರನ್ನು ಅಲ್ಲಿಂದ ಎಬ್ಬಿಸಿದರೆ?”