ಮುಷ್ಟಿ ಬಿಚ್ಚು, ಪರ್ವತಯ್ಯ!

"ಆ ಗಾಡಿಗೆ ಕೈ ಹಾಕಿದ್ರೆ ಈ ಸಗಣಿನೀರು ನಿನ್ನ ತಲೆ ಮೇಲೆ!"

ಕೊಟ್ಟಿಗೆಯಲ್ಲಿ ಬಗ್ಗಿ ನಿಂತಿದ್ದವನು ತಿರುಗಿದ.

ಅಯ್ಯೋ ಶಿವನೇ... ಇವನಾ!

ಆರು ವರ್ಷವಾಗಿತ್ತು ಆ ಮುಖ ನೋಡಿ. ಮೈ ಕಪ್ಪಿಟ್ಟಿತ್ತು, ಕೆನ್ನೆ ಒಳಗೆ ಹೋಗಿತ್ತು, ಮೇಲೆ ಮಿಲಿಟರಿ ಖಾಕಿ ಅಂಗಿ. ಆದರೆ ಕಣ್ಣು ಮಾತ್ರ ಅವೇ. ಸರ್ವಮಂಗಳೆ ಸಿಟ್ಟಿಗೆ ಕೈಯಲ್ಲಿದ್ದ ಬಕೆಟ್ಟನ್ನು ಇನ್ನೂ ಮೇಲಕ್ಕೆತ್ತಿದಳು.

"ಚೆನ್ನಾಗಿದೀಯಾ ಮಂಗಳಾ?" ಅಂದ ಪರ್ವತಯ್ಯ.

"ಹೆಸರು ಹಿಡಿದು ಕರೆಯೋಕೆ ನೀನ್ಯಾರು? ಯಾರು ಒಳಗೆ ಬಿಟ್ಟಿದ್ದು ನಿನ್ನ?"

"ನಾನೇ ಕಣಮ್ಮ ಕರೆಸಿದ್ದು!" ಜಗಲಿಯಿಂದ ಅಪ್ಪ ಮಹಾಲಿಂಗಯ್ಯನವರು ಗುಡುಗಿದರು. "ಇಡೀ ಮಧುಗಿರಿ ಸೀಮೆಗೆ ಈ ಪಟಪಟಿ ರಿಪೇರಿ ಗೊತ್ತಿರೋನು ಇವನೊಬ್ಬನೇ. ನನ್ನ ಗ್ರಾಚಾರ! ಸೋಮವಾರದೊಳಗೆ ಗಾಡಿ ಓಡ್ಬೇಕು. ಇಲ್ದಿದ್ರೆ ಸಿರಾದವರು ಸಂಬಂಧ ಬ್ಯಾಡ ಅಂದ್ಬುಡ್ತಾರೆ."

ಕೇಳಿದಿರಾ? ಮದುವೆ ಹುಡುಗಿಗೋ, ಗಾಡಿಗೋ?

ಸಿರಾದ ಜವಳಿ ವ್ಯಾಪಾರಿ ನಾಗಲಿಂಗಯ್ಯನವರು ಮಗನಿಗೆ ವರೋಪಚಾರ ಅಂತ ಕೇಳಿದ್ದು ಈ ಹಳೇ ಮೋಟಾರ್ ಸೈಕಲ್ಲನ್ನೇ. ಅದೂ ಓಡುವಂತಿರಬೇಕು! "ಹುಡುಗಿಗೆ ಇಪ್ಪತ್ಮೂರಾಯ್ತು, ಒಂದು ಸಲ ನಿಶ್ಚಯ ಮುರಿದಿದೆ, ಗಾಡಿಯಾದ್ರೂ ನೆಟ್ಟಗಿರ್ಲಿ" ಅಂದಿದ್ದರಂತೆ ಪುಣ್ಯಾತ್ಮ. ಯುದ್ಧ ಮುಗಿದು ವರ್ಷವಾದರೂ ಪೆಟ್ರೋಲಿಗೆ ಕೂಪನ್ನು ತಪ್ಪಿರಲಿಲ್ಲ ನೋಡಿ, ಅದಕ್ಕೆ ತಮ್ಮ ಕೂಪನ್ನಿನದೇ ಒಂದು ಡಬ್ಬ ಮುಂಚೆಯೇ ಕಳಿಸಿದ್ದರು. ಸೋಮವಾರ ಬಂದು ಗಾಡಿ ಓಡಿಸಿ ನೋಡುವುದು, ಆಮೇಲೆ ತಾಂಬೂಲ.

ಇನ್ನು ಆ ಮುರಿದ ನಿಶ್ಚಯ ಯಾರ ಜೊತೆ ಅಂತೀರಾ? ಈ ಪರ್ವತಯ್ಯನ ಜೊತೆಗೇ!

ಮಹಾಲಿಂಗಯ್ಯನವರು ಸಿಡುಬಿನ ಚುಚ್ಚುಮದ್ದಿನ ಇನ್ಸ್‌ಪೆಕ್ಟರಾಗಿದ್ದವರು. ದೊಡ್ಡೇರಿ, ಕೊಡಿಗೇನಹಳ್ಳಿ ಅಂತ ಊರೂರು ಸುತ್ತಿದ್ದು ಇದೇ ಗಾಡಿಯಲ್ಲಿ. ಬಸ್ ಶೆಡ್ಡಿನ ಮೆಕ್ಯಾನಿಕ್ ಪರ್ವತಯ್ಯ ಅದನ್ನು ನೋಡಿಕೊಳ್ಳುತ್ತಿದ್ದ. ಗಾಡಿ ನೋಡಲು ಬಂದವನು ಮಗಳನ್ನೂ ನೋಡಿದ. ಇಬ್ಬರಿಗೂ ಮನಸ್ಸಾಯಿತು, ಹಿರಿಯರೂ ಒಪ್ಪಿದರು. ನೇರಳೆ ಬಣ್ಣದ ಸೀರೆ, ಅದಕ್ಕೊಪ್ಪುವ ರವಿಕೆ ಬಟ್ಟೆ ಕೊಟ್ಟು ನಿಶ್ಚಯವೂ ಆಯಿತು.

ಮಂಗಳೆಗೆ ಇದ್ದದ್ದು ಒಂದೇ ಆಸೆ. ಶಾಲೆಯಲ್ಲಿ ಮೇಡಂ ಆಗಬೇಕು! ತುಮಕೂರಿನಲ್ಲಿ ಟ್ರೈನಿಂಗ್ ಸೇರುವ ಪರೀಕ್ಷೆಯಿತ್ತು. ಹಿಂದಿನ ದಿನ ಪರ್ವತಯ್ಯ ಗಾಡಿಯನ್ನು ಪೂರ್ತಿ ಬಿಚ್ಚಿ ತೊಳೆದು, "ತುಮಕೂರೇನು, ಮೈಸೂರಿಗೂ ಹೋಗ್ಬಹುದು" ಅಂದಿದ್ದ.

ಕೊರಟಗೆರೆ ದಾಟಿ ಸ್ವಲ್ಪ ದೂರಕ್ಕೇ ಗಾಡಿ ಬಿಕ್ಕಿತು. ಕೆಮ್ಮಿತು. ನಿಂತೇಹೋಯಿತು. ಅಪ್ಪ ಒದ್ದರು, ತಳ್ಳಿದರು, ದೇವರನ್ನೂ ಬೈದರು. ರಸ್ತೆ ಬದಿ ಕಲ್ಲಿನ ಮೇಲೆ ಕೂತ ಹದಿನೇಳರ ಹುಡುಗಿ ಹೊತ್ತು ಏರುವುದನ್ನೇ ನೋಡಿದಳು. ಪರೀಕ್ಷೆ ಹೋಯಿತು. ಸಂಜೆ ಗಾಡಿ ಎತ್ತಿನ ಬಂಡಿಯಲ್ಲಿ ಮನೆಗೆ ಬಂತು.

ಪರ್ವತಯ್ಯ ಬಿಚ್ಚಿ ನೋಡಿದ. ಹಾಗೇ ಮತ್ತೆ ಜೋಡಿಸಿ, "ತಪ್ಪು ನಂದೇ ಸ್ವಾಮಿ" ಅಂದ. ಅಷ್ಟೇ!

ಮಹಾಲಿಂಗಯ್ಯ ಬೀದಿಗೆಲ್ಲ ಕೇಳುವ ಹಾಗೆ ಉಗಿದು ಅಟ್ಟಿದರು. ಗಾಡಿಯನ್ನು ಕೊಟ್ಟಿಗೆಗೆ ತಳ್ಳಿಸಿದರು. ಪರೀಕ್ಷೆಗೆ ಹೊರಟಾಗಲೇ ಅಪಶಕುನ ಆಯಿತಲ್ಲ ಅಂತ ಮಗಳ ಓದನ್ನೂ ನಿಲ್ಲಿಸಿಬಿಟ್ಟರು. ಮಂಗಳೆ ನಿಶ್ಚಯದ ಸೀರೆಯನ್ನು ಮಾರನೇ ದಿನವೇ ವಾಪಸ್ ಕಳಿಸಿದಳು. ವಾರದೊಳಗೆ ಅವನು ಮಿಲಿಟರಿ ವರ್ಕ್‌ಶಾಪು ಸೇರಿ ಹೊರಟುಹೋದ. ಊರಿಗೆ ಮರಳಿದ್ದು ಈಗಲೇ.

ಆಮೇಲೆ ಎಷ್ಟು ಗಂಡುಗಳು ಬಂದವು, ಎಷ್ಟು ಹೋದವು! ಯಾರನ್ನೂ ಒಪ್ಪಲಿಲ್ಲ ಅವಳು. ಈ ಸಲ ಮಾತ್ರ ಅಪ್ಪನ ಕಾಟಕ್ಕೆ ಸಾಕಾಗಿ "ಏನಾದ್ರೂ ಮಾಡ್ಕೊಳ್ಳಿ" ಅಂದಿದ್ದಳು. ಈಗ ಇವನು ಬಂದು ರಿಪೇರಿ ಮಾಡಿ ಅವಳನ್ನು ಸಿರಾಕ್ಕೆ ಕಳಿಸಬೇಕಂತೆ! ಹೇಳಿ, ಯಾರಿಗೆ ತಾನೇ ಉರಿಯಲ್ಲ?

"ಮಾಡು, ಮಾಡು! ಆದ್ರೆ ನಾನು ಇಲ್ಲೇ ಕೂರ್ತೀನಿ. ನೀನು ಏನು ಬಿಚ್ತೀಯಾ, ಏನು ಕೆಡಿಸ್ತೀಯಾ, ಎಲ್ಲಾ ಕಣ್ಣಾರೆ ನೋಡ್ಬೇಕು!"

ಬಕೆಟ್ಟು ಕುಕ್ಕಿದಳು. ಒಂದು ಒರಳುಕಲ್ಲಿನ ಮೇಲೆ ಕೂತೇಬಿಟ್ಟಳು.

ಅವನು ಸೀಟಿನ ಮೇಲಿದ್ದ ಹುಣಸೆಹಣ್ಣಿನ ಮೂಟೆ ಇಳಿಸಿದ. ಟ್ಯಾಂಕಿನ ಮುಚ್ಚಳ ತಿರುಗಿಸಿದ. ಥೂ! ಏನು ನಾತ! ಆರು ವರ್ಷದ ಪೆಟ್ರೋಲು ಜೋನಿಬೆಲ್ಲದ ಹಾಗೆ ಅಂಟಾಗಿತ್ತು.

"ಪೆಟ್ರೋಲು ಹಿಂಗೆ ಕೆಟ್ರೆ ಎಲ್ಲಾ ಕಟ್ಕೊಳ್ಳುತ್ತೆ..." ಅಂದ ಮೆಲ್ಲಗೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!"

ಅವನು ಮೊದಲು ಕಾರ್ಬುರೇಟರ್ ಕೆಳಗಿಳಿಸಿದ. ಅದರೊಳಗೆ ಪೆಟ್ರೋಲು ಹೊರಡುವ ಹಿತ್ತಾಳೆ ತಿರುಪಿನ ತೂತು, ಸೂಜಿ ಮೊನೆಯಷ್ಟೂ ಇಲ್ಲ. ಪೂರ್ತಿ ಮುಚ್ಚಿಹೋಗಿತ್ತು. ಸೀಮೆಎಣ್ಣೆಯಲ್ಲಿ ನೆನೆಹಾಕಿದ.

"ತಂತಿ ಹಾಕಿ ಚುಚ್ಚೋಕೆ ಏನು ಕಷ್ಟ?" ಕೇಳದೆ ಇರಲಾಗಲಿಲ್ಲ ಅವಳಿಗೆ.

"ತಂತಿ ಹಾಕಿದ್ರೆ ತೂತು ಅಗಲ ಆಗುತ್ತೆ. ಆಮೇಲೆ ಗಾಡಿ ಜನ್ಮಕ್ಕೆ ಸರಿಯಾಗಲ್ಲ. ಗಟ್ಟಿ ಕೂದಲು ಬೇಕು."

ಒಂದು ಕ್ಷಣ ಅವನ ಕಣ್ಣು ಅವಳ ಜಡೆಯ ಮೇಲೆ ನಿಂತಿತು. ಅವಳು ಧಡಕ್ಕನೆ ಎದ್ದು ಹೋಗಿ, ಹಸುವಿನ ಬಾಲದಿಂದ ಒಂದು ಕೂದಲು ಕಿತ್ತು ತಂದು ಅವನ ಮುಂದೆ ಎಸೆದಳು.

"ತಗೋ!"

ಹಸು ಒದೆಯದೇ ಇದ್ದದ್ದು ಪುಣ್ಯ. ಅವನು ಮೀಸೆಯೊಳಗೇ ನಕ್ಕದ್ದು ಅವಳಿಗೆ ಕಾಣಿಸಿತು. ಅದಕ್ಕೂ ಸಿಟ್ಟು ಬಂತು.

'ನಾಚಿಕೆ ಆಗ್ಬೇಕು ನನಗೆ... ಇವನ ಬೆರಳು ಇನ್ನೂ ಹಾಗೇ ಮೆತ್ತಗೆ ಕೆಲಸ ಮಾಡೋದು ನೋಡ್ತಾ ಕೂತಿದೀನಲ್ಲ...'

ಮಾರನೇ ದಿನ ಟ್ಯಾಂಕಿನ ಕೆಳಗಿನ ನಲ್ಲಿಯ ಸರದಿ. ಅಲ್ಲಿಂದಲೇ ಪೆಟ್ರೋಲು ಇಳಿಯುವುದು. ಸ್ಪ್ಯಾನರ್ ಹಿಡಿದವನು ಯಾಕೋ ಕೈ ಹಿಂದೆಗೆದ.

"ಒಂದು ಚೊಂಬು ನೀರು ತರ್ತೀಯಾ?"

"ಪಕ್ಕದಲ್ಲೇ ಇದೆ."

"ಬಿಸಿನೀರು ಬೇಕು. ನಲ್ಲಿಯೊಳಗಿನ ಬೆಂಡಿನ ಬಿರಡೆ ಒಣಗಿದೆ, ನೆನೆಸಿದ್ರೆ ಊದಿಕೊಳ್ಳುತ್ತೆ."

"ಮೊದ್ಲು ಬಿಚ್ಚು, ಆಮೇಲೆ ತರ್ತೀನಿ."

"ಮಂಗಳಾ... ಸ್ವಲ್ಪ ಆ ಕಡೆ ಹೋಗು."

ಅವಳ ಕಣ್ಣು ಕಿರಿದಾಯಿತು. ಓಹೋ! ಇಲ್ಲೇ ಏನೋ ಇದೆ!

"ಹೋಗಲ್ಲ!"

ಅವನು ಬೆನ್ನು ತಿರುಗಿಸಿ ಕೂತು ಸರಸರ ತಿರುಗಿಸಿದ. ನಲ್ಲಿ ಕಳಚಿ ಬಂತು. ಅದರ ಜಾಲರಿಗೆ ಅಂಟಿಕೊಂಡಿದ್ದ ಏನನ್ನೋ ಕಿತ್ತು ಮುಷ್ಟಿಯೊಳಗೆ ಮುಚ್ಚಿಕೊಂಡ.

ಕಂಡೇಬಿಟ್ಟಿತು ಅವಳಿಗೆ!

"ಏನದು?"

"ಏನಿಲ್ಲ. ಕಸ."

"ಕಸ ಆದ್ರೆ ಬಿಸಾಕು! ಯಾಕೆ ಬಚ್ಚಿಡ್ತೀಯಾ? ಅವತ್ತು ನೀನು ಟ್ಯಾಂಕಲ್ಲಿ ಬಿಟ್ಟುಹೋದ ಚಿಂದಿ ತಾನೇ? ನಿನ್ನ ತಪ್ಪಿನ ಗುರುತು ತಾನೇ? ಸಿಕ್ಕಿಬಿದ್ದೆ ಕಣೋ! ಮುಷ್ಟಿ ಬಿಚ್ಚು ಪರ್ವತಯ್ಯ!"

"ಬೇಡ ಮಂಗಳಾ. ನಿನ್ನ ಕಾಲಿಗೆ ಬೀಳ್ತೀನಿ, ಬೇಡ."

"ಬಿಚ್ಚು ಅಂದ್ರೆ!"

ಎರಡೂ ಕೈಯಿಂದ ಅವನ ಮುಷ್ಟಿ ಹಿಡಿದಳು. ಒಂದೊಂದೇ ಬೆರಳು ಎಳೆದಳು. ಅವನು ಬಲ ಮಾಡಲಿಲ್ಲ. ಎಷ್ಟಾದರೂ ಅವಳ ಕೈ ಅಲ್ಲವೇ...

ಅಂಗೈಯಲ್ಲಿ ಕಂದಿಹೋದ ಒಂದು ಪುಟ್ಟ ಬಟ್ಟೆಗಂಟು. ಒಂದು ಮೂಲೆ ಬಿಚ್ಚಿಕೊಂಡು ಬೂದಿ ಹೊರಗೆ ಬಂದು ಗಾರೆಯಂತೆ ಗಟ್ಟಿಯಾಗಿತ್ತು. ಬಟ್ಟೆಯ ಅಂಚಲ್ಲಿ ನೇರಳೆ ಬಣ್ಣ. ಅದರ ಮೇಲೆ ಒಂದೇ ಒಂದು ಜರಿ ಚುಕ್ಕಿ.

ಅವಳ ನಿಶ್ಚಯದ ರವಿಕೆ ಬಟ್ಟೆ!

ಅಯ್ಯೋ... ಅಯ್ಯಯ್ಯೋ...

ಎಲ್ಲ ನೆನಪಾಯಿತು. ಪ್ರಯಾಣಕ್ಕೆ ಮುಂಚೆ ಎತ್ತಿನ ಗಾಡಿಯಾದರೆ ನೊಗಕ್ಕೆ ವಿಭೂತಿ ಗಂಟು ಕಟ್ಟುವುದು ಅವರ ಮನೆಯ ಪದ್ಧತಿ. ಈ ಪಟಪಟಿಗೆ ನೊಗ ಎಲ್ಲಿದೆ? ಪರೀಕ್ಷೆಯ ಬೆಳಗಿನ ಜಾವ ಸ್ನಾನ ಮಾಡಿ ಬಂದ ಹದಿನೇಳರ ಹುಡುಗಿ, ಮಠದ ವಿಭೂತಿಯನ್ನು ತನ್ನ ಅತಿ ಪ್ರೀತಿಯ ಬಟ್ಟೆಯ ತುಂಡಲ್ಲಿ ಕಟ್ಟಿ, 'ಇದರ ಹೊಟ್ಟೆಯೊಳಗೇ ಇರ್ಲಿ, ದಾರಿ ಕಾಯ್ಲಿ ಶಿವಪ್ಪ' ಅಂತ ಟ್ಯಾಂಕಿನ ಬಾಯಿಗೆ ಹಾಕಿದ್ದಳು. ಆಮೇಲೆ ಮರೆತೇಬಿಟ್ಟಿದ್ದಳು. ಅದು ನಲ್ಲಿಯ ಬಾಯಿಗೇ ಹೋಗಿ ಕೂತಿತ್ತು.

"ಅವತ್ತು... ನೀನು ಬಿಚ್ಚಿ ನೋಡಿದಾಗ..."

"ಹೂಂ. ನಾನೇ ತಂದ ಬಟ್ಟೆ, ನನಗೆ ಗುರ್ತು ಸಿಗಲ್ವಾ?"

"ಯಾಕೆ ಹೇಳ್ಲಿಲ್ಲ?"

"ನಿಮ್ಮಪ್ಪ ಬಾರುಕೋಲು ಹಿಡ್ಕೊಂಡು ನಿಂತಿದ್ರು. ಹೇಳಿದ್ರೆ ನಿನ್ನ ಬೆನ್ನು ಮುರೀತಿದ್ರು, ಓದು ಬಿಡಿಸ್ತಿದ್ರು. ನನ್ನನ್ನ ಬೈದ್ರೆ ಮುಗೀತಲ್ಲ, ಮುಂದಿನ ವರ್ಷ ನಿನ್ನನ್ನ ಪರೀಕ್ಷೆಗೆ ಕರ್ಕೊಂಡೋಗ್ತಾರೆ ಅಂದ್ಕೊಂಡೆ."

ಮಂಗಳೆಗೆ ಅಳು ಬರಬೇಕಿತ್ತು ಅಲ್ಲವೇ? ಬಂದದ್ದು ಬೆಂಕಿ!

"ಯಾರು ಕೇಳಿದ್ರು ನಿನ್ನ? ಯಾರು ಕೇಳಿದ್ರು! ಓದೂ ಹೋಯ್ತು, ನೀನೂ ಹೋದೆ! ಆರು ವರ್ಷ ನಿನ್ನ ಹೆಸರು ಹೇಳಿ ಹೇಳಿ ಶಾಪ ಹಾಕಿದೀನಿ! ನನ್ನ ತಪ್ಪನ್ನ ನನಗೇ ಕೊಡದೆ ನೀನು ಹೊತ್ಕೊಂಡು ಹೋಗೋಕೆ ನಿನಗೇನು ಹಕ್ಕು?"

ಈಗ ಅವನಿಗೂ ರೇಗಿತು. ಆರು ವರ್ಷದ್ದು ಅವನ ಹೊಟ್ಟೆಯಲ್ಲೂ ಇತ್ತಲ್ಲ!

"ನೀನು ಒಂದು ಮಾತು ಕೇಳಿದ್ಯಾ? 'ಹೆಂಗಾಯ್ತು ಪರ್ವತಯ್ಯ' ಅಂತ ಒಂದೇ ಒಂದು ಮಾತು? ಕೇಳಿದ್ರೆ ನಿನಗೆ ಮಾತ್ರ ಹೇಳ್ತಿದ್ದೆ! ಮಾರನೇ ದಿನವೇ ಸೀರೆ ವಾಪಸ್ ಬಂತು! ನಮ್ಮವ್ವ ಅದನ್ನ ಹಿಡ್ಕೊಂಡು ಮೂರು ದಿನ ಊಟ ಬಿಟ್ಲು, ಗೊತ್ತಾ?"

ಅವಳು ಗಂಟನ್ನೇ ನೋಡಿದಳು. ಹೌದು, ಕೇಳಿರಲಿಲ್ಲ. ಒಂದು ಮಾತೂ ಕೇಳಿರಲಿಲ್ಲ.

"ಸೀರೆ ಬಂತು..." ಅವನ ದನಿ ಇಳಿಯಿತು. "ರವಿಕೆ ಬಟ್ಟೆ ಬರ್ಲಿಲ್ಲ."

"ಪೆಟ್ಟಿಗೇಲಿದೆ," ಅಂದಳು ನೆಲ ನೋಡುತ್ತ. "ಕಳಿಸೋಕೆ ಆಗ್ಲಿಲ್ಲ."

ಅವನು ಕಳಚಿದ ನಲ್ಲಿಯನ್ನು ಎತ್ತಿಕೊಂಡ. ಹಸು ಮೆಲುಕು ಹಾಕುತ್ತಿತ್ತು.

"ಗಾಡಿ ಓಡಿದ್ರೆ ನಾನು ಸಿರಾಕ್ಕೆ ಹೋಗ್ತೀನಿ. ಗೊತ್ತಿದ್ದೂ ಯಾಕೆ ಬಂದೆ?"

"ನಾನು ಬರ್ದಿದ್ರೆ ತುಮಕೂರಿಂದ ಯಾರನ್ನೋ ಕರೆಸ್ತಿದ್ರು. ಅವನು ಬಿಚ್ತಿದ್ದ, ಈ ಗಂಟು ಎಲ್ಲರ ಮುಂದೆ ಬರ್ತಿತ್ತು. ಇದನ್ನ ತೆಗೆದು ಬಿಸಾಕಿ ಹೋಗೋಣ ಅಂತ ಬಂದೆ." ನಲ್ಲಿಯನ್ನು ಒರೆಸುತ್ತ ಹೇಳಿದ. "ಗಾಡಿ ಸರಿ ಮಾಡೇ ಕೊಡ್ತೀನಿ. ಬೇಕಂತ ಕೆಡಿಸಿಟ್ಟು ನಿನ್ನನ್ನ ಉಳಿಸ್ಕೊಳ್ಳೋ ಜಾತಿ ನಂದಲ್ಲ."

ಅವಳು ಗಂಟನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಿಸಿನೀರು ತರಲು ಎದ್ದು ಹೋದಳು. ಒಲೆಯ ಮುಂದೆ ಕೂತಾಗ, ಆಗ ಬಂತು ಅಳು.

ಅವನು ಟ್ಯಾಂಕಿನೊಳಗೆ ಹೊಳೆಗಲ್ಲು, ಸೀಮೆಎಣ್ಣೆ ಹಾಕಿ ಕುಲುಕಿ ಕುಲುಕಿ ತುಕ್ಕು ತೆಗೆದ. ಕೊಳವೆ ಊದಿದ. ನೆನೆದು ಊದಿದ ಬಿರಡೆಯನ್ನು ನಲ್ಲಿಗೆ ಕೂರಿಸಿದ. ಹೊಸ ಪೆಟ್ರೋಲು ಸುರಿದು ಕಾದು ನೋಡಿದ. ಒಂದು ಹನಿಯೂ ಸೋರಲಿಲ್ಲ.

ಸೋಮವಾರ. ನಾಗಲಿಂಗಯ್ಯನವರು ಮೈಸೂರು ಪೇಟ ಸುತ್ತಿ ಜಟಕಾದಲ್ಲಿ ಬಂದಿಳಿದರು. ತಾಂಬೂಲದ ತಟ್ಟೆ ಸಿದ್ಧವಾಗಿತ್ತು. ಪರ್ವತಯ್ಯ ಗಾಡಿಯನ್ನು ಅಂಗಳಕ್ಕೆ ತಂದ. ಯಾರ ಮುಖವನ್ನೂ ನೋಡದೆ ಒದ್ದ. ಒಂದು. ಎರಡು. ಮೂರು...

ಪಟ್! ಪಟಪಟಪಟಪಟ!

ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವು. ಮಹಾಲಿಂಗಯ್ಯನವರ ಕಣ್ಣು ತುಂಬಿಬಂತು.

"ಭೇಷ್!" ನಾಗಲಿಂಗಯ್ಯ ತೊಡೆ ತಟ್ಟಿದರು. "ತನ್ನಿ ತಾಂಬೂಲ!"

"ಒಂದು ನಿಮಿಷ ಅಪ್ಪ."

ಮಂಗಳೆ ನಡುಮನೆಯಿಂದ ಅಂಗಳಕ್ಕೆ ಇಳಿದಳು. ಸೆರಗಿನ ಗಂಟು ಬಿಚ್ಚಿ ಅಪ್ಪನ ಅಂಗೈಯಲ್ಲಿಟ್ಟಳು.

"ಅವತ್ತು ಗಾಡಿ ನಿಲ್ಲಿಸಿದ್ದು ಇದು. ಟ್ಯಾಂಕಿಗೆ ಹಾಕಿದ್ದು ನಾನು. ಇವನು ನನ್ನ ತಪ್ಪನ್ನ ಮೈಮೇಲೆ ಎಳ್ಕೊಂಡು ನಿಮ್ಮ ಬೈಗುಳ ತಿಂದ."

ಮಹಾಲಿಂಗಯ್ಯ ಬಟ್ಟೆ ನೋಡಿದರು, ಮಗಳನ್ನು ನೋಡಿದರು, ಪರ್ವತಯ್ಯನ ಕಡೆ ತಿರುಗಿದರು.

"ನಿಜಾನೇನ್ಲಾ? ಬಾಯಿ ಇರ್ಲಿಲ್ವೇನ್ಲಾ ನಿಂಗೆ?"

"ನೀವು ಮಾತಾಡೋಕೆ ಬಿಟ್ಟಿದ್ರೆ ತಾನೇ ಸ್ವಾಮಿ!" ಅಂದೇಬಿಟ್ಟ ಪರ್ವತಯ್ಯ.

ನಾಗಲಿಂಗಯ್ಯ ನಡುವೆ ಬಾಯಿ ಹಾಕಿದರು. "ಹಳೇ ಕಥೆ ಯಾಕೆ ಬುಡಿ ಸ್ವಾಮಿ. ಗಾಡಿ ಓಡ್ತು ತಾನೇ? ಅಷ್ಟು ಸಾಕು. ಹುಡುಗಿ ಬಾಯಿ ಸ್ವಲ್ಪ ಜೋರು, ನಮ್ಮನೇಗೆ ಬಂದ್ರೆ ತಾನಾಗೇ ಕಮ್ಮಿ ಆಯ್ತದೆ."

"ನಾನು ಬರಲ್ಲ!" ಮಂಗಳೆ ಅಂದಳು. "ಗಾಡಿ ಬೇಕಾದ್ರೆ ತಗೊಂಡೋಗಿ. ನಾನು ಬರಲ್ಲ."

"ಏನ್ರೀ ಇದು? ಮಗಳನ್ನ ಹಿಂಗಾ ಬೆಳೆಸೋದು?"

ಸಿಟ್ಟಲ್ಲಿ ಕೊಯ್ದ ಮೂಗು ಮತ್ತೆ ಬರಲ್ಲ ಅಂತಾರೆ. ಆರು ವರ್ಷದ ಹಿಂದೆ ತಾವು ಕೊಯ್ದದ್ದು ಎಷ್ಟು ಅಂತ ಮಹಾಲಿಂಗಯ್ಯನವರಿಗೆ ಈಗ ಕಾಣಿಸಿತ್ತು. ಮಗಳ ಓದು, ಮಗಳ ಗಂಡು, ಈ ಬಡಪಾಯಿಯ ಮಾನ. ಆ ಸಿಟ್ಟೆಲ್ಲ ಈಗ ಸರಿಯಾದ ಕಡೆಗೆ ತಿರುಗಿತು!

"ಹೂಂ ಕಣ್ರೀ, ಹಿಂಗೇ ಬೆಳೆಸಿದೀನಿ! ತಪ್ಪು ಮಾಡಿದ್ರೆ ನಾಲ್ಕು ಜನದ ಮುಂದೆ ಒಪ್ಕೊಳ್ಳೋ ಹಂಗೆ ಬೆಳೆಸಿದೀನಿ! ನನ್ನ ಮಗಳು ಮಾತಾಡ್ತಾವ್ಳೆ, ನಿಮಗೆ ಗಾಡಿ ಸದ್ದು ಮಾತ್ರ ಕೇಳಿಸ್ತಾ? ಹೊರಡಿ! ನಿಮ್ಮ ಡಬ್ಬದಾಗೆ ಉಳಿದಿರೋ ಪೆಟ್ರೋಲು ತಗೊಂಡೇ ಹೊರಡಿ!"

ಜಟಕಾ ಬೀದಿ ತಿರುವಿನಲ್ಲಿ ಮರೆಯಾಯಿತು. ಮಹಾಲಿಂಗಯ್ಯ ಪರ್ವತಯ್ಯನ ಹೆಗಲ ಮೇಲೆ ಕೈಯಿಟ್ಟರು. ತಾಂಬೂಲದ ತಟ್ಟೆಯನ್ನು ಅವನ ಪಕ್ಕದ ಜಗಲಿಯ ಮೇಲಿಟ್ಟು ಒಳಗೆ ಹೋದರು.

ಗಾಡಿ ಇನ್ನೂ ಪಟಪಟ ಅನ್ನುತ್ತಿತ್ತು.

"ತುಮಕೂರಲ್ಲಿ ಆ ಪರೀಕ್ಷೆ ಮತ್ತೆ ಇದೆ," ಅಂದ ಅವನು. "ಬರೋ ತಿಂಗಳು. ರೈಲಿಂದ ಇಳಿದ ದಿನವೇ ಹೋಗಿ ಬೋರ್ಡು ನೋಡ್ಕೊಂಡು ಬಂದೆ. ಮದುವೆ ಆದವರೂ ಬರೀಬಹುದಂತೆ."

"ಅದನ್ನೂ ಇಷ್ಟು ದಿನ ಬಾಯಿ ಬಿಡ್ಲಿಲ್ಲ!" ಅವಳ ಕಣ್ಣಲ್ಲಿ ನೀರು, ದನಿಯಲ್ಲಿ ಜಗಳ. "ನನಗಿನ್ನೂ ಸಿಟ್ಟು ಹೋಗಿಲ್ಲ ಕಣೋ. ಇನ್ನು ಆರು ವರ್ಷ ಬೈತೀನಿ ನಿನ್ನ."

"ಬೈಯಿ. ಹಿಂದೆ ಕೂತ್ಕೊಂಡು ಬೈಯಿ. ಗಾಡಿ ಸದ್ದಲ್ಲಿ ನನಗೆ ಅರ್ಧವೇ ಕೇಳ್ಸೋದು."

ಅಳುತ್ತಲೇ ನಕ್ಕುಬಿಟ್ಟಳು ಹುಡುಗಿ.

"ಹೊರಡೋವಾಗ ಈ ಸಲ ವಿಭೂತಿ ಎಲ್ಲಿಡ್ಲಿ?"

ಅವನು ಗಾಡಿ ನಿಲ್ಲಿಸಿ, ಅವಳ ಮುಂದೆ ತಲೆ ಬಗ್ಗಿಸಿದ.

"ನನ್ನ ಹಣೆಗಿಡು. ಟ್ಯಾಂಕಿಗೆ ಮಾತ್ರ ಬೇಡ."