ಹನ್ನೊಂದು ಗಂಟೆಯ ಗಿಟಾರ್

ಝೊಂಯ್ಯ್...!

ಮೊದಲು ಚೀರಿದ್ದು ರಹಮತುನ್ನೀಸಾಳ ಐದು ತಿಂಗಳ ಮಗಳು ತಾಹಿರಾ. ಅದನ್ನು ಕೇಳಿ ಮುನಿಗಂಗಮ್ಮನ ಮಗ. ಆಮೇಲೆ ಹದಿನೆಂಟು ಜೋಲಿಗಳೂ ಒಟ್ಟಿಗೆ ಅಲುಗಾಡತೊಡಗಿದವು. ಇಡೀ ಕೋಣೆಯೇ ಅಳುತ್ತಿತ್ತು!

ಆದಿಲಕ್ಷ್ಮಿಯ ಕಮಾನು ಪಿಟೀಲಿನ ತಂತಿಯ ಮೇಲೇ ನಿಂತುಬಿಟ್ಟಿತು. ಎರಡು ಗಂಟೆ ಹೊತ್ತು ಜೋಗುಳದ ರಾಗ ನೀಲಾಂಬರಿ ನುಡಿಸಿ ಮಲಗಿಸಿದ್ದಳು. ತೋಳು ಬಿದ್ದುಹೋಗುವಂತಿತ್ತು. ಎಲ್ಲ ಒಂದೇ ಏಟಿಗೆ ಹಾಳು!

ಬಾಗಿಲಲ್ಲಿ ಒಬ್ಬ ಗಂಡಸು ಕೂತಿದ್ದ. ತೊಡೆಯ ಮೇಲೆ ಗಿಟಾರನ್ನು ಅಂಗಾತ ಇಟ್ಟುಕೊಂಡು, ಎಡಗೈಯಲ್ಲಿದ್ದ ಉಕ್ಕಿನ ತುಂಡನ್ನು ತಂತಿಗಳ ಮೇಲೆ ಇನ್ನೊಂದು ಸಲ ಜೋರಾಗಿ ಎಳೆದ.

"ಯಾರ್ರೀ ನೀವು? ಮಕ್ಕಳು ಮಲಗಿರೋದು ಕಾಣಲ್ವಾ?"

"ಕಾಣ್ತದೆ. ಅದಕ್ಕೇ ಬಂದೆ."

"ಏನಂದ್ರಿ?"

"ಹನ್ನೊಂದು ಗಂಟೆ ಆಯ್ತು," ಎಂದ ಅವನು. ಅಷ್ಟು ಹೇಳಿದರೆ ಎಲ್ಲವನ್ನೂ ಹೇಳಿದಂತಾಯಿತು ಎನ್ನುವ ಮುಖ.

ಆಯಾ ಪೆದ್ದಮ್ಮ ಆಗಲೇ ನೂಲು ಬಿಚ್ಚುವ ಶೆಡ್ಡಿನ ಕಡೆ ಓಡಿದ್ದಳು. ಎರಡು ನಿಮಿಷದಲ್ಲಿ ಹೆಂಗಸರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ನುಗ್ಗಿದರು. ಬಿಸಿನೀರಿನಲ್ಲಿ ನೆಂದು ಬಿಳಿಚಿದ ಬೆರಳುಗಳು, ಬೆಂದ ರೇಷ್ಮೆಹುಳುವಿನ ವಾಸನೆ. ಮಕ್ಕಳನ್ನು ಎತ್ತಿಕೊಂಡು, ಗೋಡೆಯ ಕಡೆ ತಿರುಗಿ ಕೂತು ಹಾಲು ಕೊಟ್ಟರು. ಒಬ್ಬಳೂ ಆದಿಲಕ್ಷ್ಮಿಯ ಮುಖ ನೋಡಲಿಲ್ಲ.

"ನೋಡಿ! ಪಾಪ, ಅವರ ಕೆಲಸಾನೂ ಕೆಡಿಸಿದ್ರಿ."

"ಪಾಪಾನಾ?" ಅವನು ಎದ್ದು ನಿಂತ. "ಆ ಮಾತು ನಿಮ್ಮ ಬಾಯಲ್ಲಿ ಬರಬಾರದು ಕಣ್ರೀ."

ಹೊರಟೇಹೋದ. ಎಂಥಾ ಸೊಕ್ಕು!

*

ಅದು ಅರವತ್ತೆರಡನೇ ಇಸವಿ. ಶಿಡ್ಲಘಟ್ಟದ ಆ ಖಾಸಗಿ ರೇಷ್ಮೆ ಫಿಲೇಚರಿನಲ್ಲಿ ಎಪ್ಪತ್ತು ಹೆಂಗಸರು ಗೂಡು ಬೇಯಿಸಿ ನೂಲು ತೆಗೆಯುತ್ತಿದ್ದರು. ಅಷ್ಟು ಹೆಂಗಸರಿರುವ ಕಡೆ ಮಕ್ಕಳ ಕೋಣೆ ಇರಲೇಬೇಕೆಂದು ಸರ್ಕಾರದ ಕಾಯಿದೆ. ಕೋಣೆಗೊಬ್ಬ ಮೇಡಂ ಬೇಕೆಂದು ಆದಿಲಕ್ಷ್ಮಿಯನ್ನು ಕರೆದಿದ್ದರು. ಇಪ್ಪತ್ತೆರಡು ವರ್ಷ, ಚಿಂತಾಮಣಿಯ ಹುಡುಗಿ. ಅಪ್ಪ ಹರಿಕಥೆಗಳಿಗೆ ಪಿಟೀಲು ನುಡಿಸುತ್ತಿದ್ದವರು. ಅವರು ತೀರಿಕೊಂಡು ಉಳಿದದ್ದು ಪಿಟೀಲು ಮತ್ತು ಅಮ್ಮ.

ಗೌರಿಬಿದನೂರಿನಿಂದ ಒಂದು ಗಂಡು ಬಂದಿತ್ತು. ಹುಡುಗಿ ಒಪ್ಪಿಗೆ, ಆದರೆ ಪಿಟೀಲು ಮಾರಿಬಿಡಲಿ ಎಂದಿದ್ದರು. "ಗಂಡನ ಮನೇಲಿ ಕುಯ್ಯೋ ಅಂತ ಕೂತ್ಕೊಂಡ್ರೆ ಚೆನ್ನಾಗಿರಲ್ಲ." ಆದಿಲಕ್ಷ್ಮಿ ಕಾಫಿಯ ಲೋಟಗಳನ್ನು ಅವರ ಮುಂದಿನಿಂದ ಎತ್ತಿಕೊಂಡು ಒಳಗೆ ಹೋಗಿದ್ದಳು. ಇನ್ನೂ ಯಾರೂ ಕುಡಿದಿರಲಿಲ್ಲ.

ಕೆಲಸಕ್ಕೆ ಸೇರಿ ಒಂದು ವಾರಕ್ಕೆ, ಅಳುವ ಮಕ್ಕಳ ಕಾಟ ತಡೆಯಲಾರದೆ ಪಿಟೀಲು ತಂದಳು. ನೀಲಾಂಬರಿಗೆ ಹದಿನೆಂಟು ಮಕ್ಕಳೂ ಮಲಗಿದವು. ಎಚ್ಚರವಾಗುವ ಹೊತ್ತಿಗೆ ಕುರಂಜಿ ರಾಗ ಹಿಡಿದಳು. ಮತ್ತೆ ಮಲಗಿದವು. ಮಧ್ಯಾಹ್ನ ಒಂದು ಗಂಟೆಗೆ ತಾಯಂದಿರು ಊಟಕ್ಕೆ ಬರುವ ತನಕ ಒಂದು ಸದ್ದಿಲ್ಲ!

ಮ್ಯಾನೇಜರ್ ವೆಂಕಟರಾಮಪ್ಪ ಬಾಗಿಲಲ್ಲಿ ನಿಂತು ಕೈಮುಗಿದಿದ್ದರು. "ಸಾಕ್ಷಾತ್ ಸರಸ್ವತಿ ಕಣಮ್ಮ ನೀನು! ಮುಂದಿನ ಸೋಮವಾರ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಅಮ್ಮಾವ್ರು ಬರ್ತಾರೆ. ಹೀಗೇ ನುಡಿಸು. ಆವತ್ತೇ ನಿನ್ನ ಪರ್ಮನೆಂಟ್ ಆರ್ಡರು."

ಪರ್ಮನೆಂಟ್... ಅಂದರೆ ಇನ್ನು ಯಾವ ಗಂಡಿನ ಕಡೆಯವರಿಗೂ ಕಾಫಿ ಮಾಡಬೇಕಿಲ್ಲ. ಪಿಟೀಲು ಉಳಿಯುತ್ತದೆ!

ಅದಕ್ಕೆ ಈಗ ಕಲ್ಲು ಹಾಕಲು ಬಂದವನು ಈ ಗಿಟಾರಿನವನು. ಹೆಸರು ಚನ್ನಕೇಶವ, ನೂಲು ಪರೀಕ್ಷೆ ಮಾಡುವ ಗುಮಾಸ್ತ. ಬೆಂಗಳೂರಿಗೆ ತರಬೇತಿಗೆ ಹೋದಾಗ ಯಾವನೋ ಬ್ಯಾಂಡಿನವನಿಂದ ಕಲಿತು ಬಂದನಂತೆ.

*

ಮರುದಿನ ಹನ್ನೊಂದಕ್ಕೆ ಮತ್ತೆ, ಝೊಂಯ್ಯ್!

"ನಿಮಗೆ ಹೊಟ್ಟೆಕಿಚ್ಚಾ?" ಆದಿಲಕ್ಷ್ಮಿ ಕಮಾನನ್ನು ಅವನತ್ತ ಚಾಚಿ ಕೇಳಿದಳು. "ನನ್ನ ಸಂಗೀತಕ್ಕೆ ಮಕ್ಕಳು ಮಲಗ್ತವೆ, ನಿಮ್ಮದಕ್ಕೆ ಅಳ್ತವೆ. ಅದಕ್ಕೇನಾ?"

"ಅಳಲಿ ಅಂತಲೇ ನುಡಿಸೋದು."

"ಮನುಷ್ಯರೇನ್ರೀ ನೀವು?"

"ಅದನ್ನ ನಾನು ನಿಮ್ಮನ್ನ ಕೇಳಬೇಕು ಅಂತಿದ್ದೆ."

ಪೆದ್ದಮ್ಮ ನಡುವೆ ಬಂದಳು. "ಅಯ್ಯೋ ನಾ ತಲ್ಲಿ, ನನ್ನಮ್ಮಾ, ಜಗಳ ಸಾಕು. ಮೊದಲು ನಾನು ಹೋಗಿ ಅಮ್ಮಂದಿರನ್ನ ಕರೀತೀನಿ..."

ಮೂರನೆಯ ದಿನ ಅವನು ಬಂದಾಗ ಅವಳು ನುಡಿಸುವುದನ್ನು ನಿಲ್ಲಿಸಲಿಲ್ಲ. ಹಟಕ್ಕೆ ಬಿದ್ದು ಕಮಾನು ಎಳೆದಳು. ಅವನೂ ಹಟಕ್ಕೆ ಬಿದ್ದ. ಮಕ್ಕಳೆಲ್ಲ ಎದ್ದಮೇಲೆ, ಕೊನೆಯಲ್ಲಿ, ಅವನ ಉಕ್ಕಿನ ತುಂಡು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಜಾರಿತು.

ಅದು ನೀಲಾಂಬರಿ! ಒಂದು ಕೂದಲಷ್ಟೂ ಅಪಸ್ವರವಿಲ್ಲದ ನೀಲಾಂಬರಿ!

'ಇಷ್ಟು ಗೊತ್ತಿರೋ ಮನುಷ್ಯ ಯಾಕೆ ಹೀಗೆ ಮಾಡ್ತಾನೆ...?'

ಗೊತ್ತಿಲ್ಲದೆ ಮಾಡಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿದ್ದೂ ಮಾಡುತ್ತಾನಲ್ಲ! ಅವಳು ಸೀದಾ ಮ್ಯಾನೇಜರ್ ಕೋಣೆಗೆ ಹೋಗಿ ದೂರು ಕೊಟ್ಟಳು. ಆ ಸಂಜೆಯೇ ಗಿಟಾರ್ ಸ್ಟೋರಿಗೆ ಸೇರಿತು. ಚನ್ನಕೇಶವನನ್ನು ಬಾಯ್ಲರಿಗೆ ಸೌದೆ ಒಟ್ಟಲು ಹಾಕಿದರು.

ಶುಕ್ರವಾರ ಹನ್ನೊಂದಕ್ಕೆ ಯಾರೂ ಬರಲಿಲ್ಲ. ಅವಳು ಗೆದ್ದಿದ್ದಳು. ಆದರೂ ಅವಳ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಬೈಯಲು ಯಾರೂ ಇಲ್ಲದ ಬಾಗಿಲು... ಅದಕ್ಕೂ ಸಿಟ್ಟು ಬಂತು.

*

ಶನಿವಾರ ಹನ್ನೆರಡರ ಹೊತ್ತಿಗೆ ತಾಹಿರಾಳ ಜೋಲಿ ಸರಿಸಿದಾಗ ಮಗುವಿನ ತುಟಿ ಒಣಗಿತ್ತು. ಅಲ್ಲಾಡಿಸಿದರೂ ಕಣ್ಣು ಪೂರಾ ತೆರೆಯಲಿಲ್ಲ. ಪೆದ್ದಮ್ಮ ನೀರಿಗೆ ಹೋಗಿದ್ದಳು. ಆದಿಲಕ್ಷ್ಮಿ ಮಗುವನ್ನು ಎದೆಗವಚಿಕೊಂಡು, ಮೊದಲ ಸಲ ನೂಲಿನ ಶೆಡ್ಡಿಗೆ ಕಾಲಿಟ್ಟಳು.

ಹಬೆ. ಉಸಿರು ಕಟ್ಟುವ ವಾಸನೆ. ಸಾಲಾಗಿ ಗೂಡು ಬೇಯುವ ಬೇಸಿನ್ನುಗಳು, ಅವುಗಳ ಮುಂದೆ ಹೆಂಗಸರು. ಎಳೆಮಕ್ಕಳ ತಾಯಂದಿರ ರವಿಕೆಗಳೆಲ್ಲ ಮುಂಭಾಗದಲ್ಲಿ ಒದ್ದೆಯಾಗಿದ್ದವು. ಮೂಲೆಯ ಮೋರಿಯ ಬಳಿ ಮುನಿಗಂಗಮ್ಮ ಬಗ್ಗಿ ಕೂತಿದ್ದಳು. ಹಲ್ಲು ಕಚ್ಚಿಕೊಂಡು ತನ್ನ ಹಾಲನ್ನು ಹಿಂಡಿ ಮೋರಿಗೆ ಬಿಡುತ್ತಿದ್ದಳು.

ರಹಮತುನ್ನೀಸಾ ರಾಟೆ ಬಿಟ್ಟು ಓಡಿ ಬಂದು ಮಗುವನ್ನು ಕಿತ್ತುಕೊಂಡಳು. "ಯಾ ಅಲ್ಲಾ... ಬೆಳಗ್ಗೆ ಏಳಕ್ಕೆ ಕೊಟ್ಟಿದ್ದು ಮೇಡಂ! ಏಳಕ್ಕೆ!"

"ಮತ್ತೆ... ಬಂದು ಕೊಡಬಾರದಾ?" ಆದಿಲಕ್ಷ್ಮಿ ಕೇಳಿದಳು. "ಯಾರು ಬೇಡ ಅಂದ್ರು?"

ಮುನಿಗಂಗಮ್ಮ ಎದ್ದು ಸೆರಗು ಸರಿ ಮಾಡಿಕೊಂಡಳು. ನಗುತ್ತಿದ್ದಳು, ಅದು ನೋಡಲಾಗುವ ನಗು ಅಲ್ಲ.

"ಏನೂ ಗೊತ್ತಿಲ್ಲದ ಹಂಗೆ ಆಡ್ತೀಯಲ್ಲಮ್ಮ! ಮಗು ಅತ್ತರೆ, ಪೆದ್ದಮ್ಮ ಬಂದು ಹೆಸರು ಕೂಗಿದರೆ, ಆಗ ಮಾತ್ರ ಏಳಬೇಕು. ಅಳದಿದ್ರೆ ಒಂದು ಗಂಟೆ ತಂಕ ಬೇಸಿನ್ ಬಿಡಂಗಿಲ್ಲ. ಇದು ಮ್ಯಾನೇಜರ ರೂಲು. ಮೊದಲೆಲ್ಲ ಹನ್ನೊಂದರ ಹೊತ್ತಿಗೆ ಹಸಿದು ತಾವೇ ಅಳ್ತಿದ್ವು, ಹೋಗ್ತಿದ್ವಿ. ಈಗ ನೀನು ಬಂದೆಯಲ್ಲ... ಸರಸ್ವತಿ!"

ಮ್ಯಾನೇಜರ್ ಕೈಮುಗಿದದ್ದು ಯಾಕೆ ಎಂದು ಆದಿಲಕ್ಷ್ಮಿಗೆ ಈಗ ಗೊತ್ತಾಯಿತು.

*

ಬಾಯ್ಲರಿನ ಮುಂದೆ ಚನ್ನಕೇಶವ ಬೆವರಿನಲ್ಲಿ ತೊಯ್ದಿದ್ದ. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದ.

"ಯಾಕ್ರೀ ಹೇಳಲಿಲ್ಲ?" ಅವಳು ಕಿರುಚಿದಳು. "ಬಾಯಿರಲಿಲ್ವಾ ನಿಮಗೆ? ಆ ದರಿದ್ರ ಗಿಟಾರ್ ಎಳೆಯೋ ಬದಲು ಒಂದು ಮಾತು ಹೇಳೋಕೆ ಆಗ್ತಿರಲಿಲ್ವಾ?"

ಅವನು ಸೌದೆ ಕೆಳಗಿಟ್ಟ. "ನಿಮಗೆ ಗೊತ್ತಿಲ್ಲ ಅಂತ ನನಗೇನು ಗೊತ್ತು? ಮ್ಯಾನೇಜರು ಕೈಮುಗೀತಾರೆ, ನೀವು ನಗ್ತೀರ. ದುಡ್ಡಿಗೆ ನುಡಿಸೋ ಹೆಂಗಸು ಅನ್ಕೊಂಡೆ."

"ಛೀ!"

"ಅನ್ಕೊಂಡಿದ್ದು ತಪ್ಪು. ಈಗ ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತದೆ." ಅವನು ಹಣೆಯ ಬೆವರು ಒರೆಸಿಕೊಂಡ. "ಹನ್ನೊಂದರ ಮೇಲೆ ತೆಗೆದ ನೂಲಲ್ಲಿ ಬರೀ ಗಂಟು ಬರೋಕೆ ಶುರುವಾಯ್ತು. ಹಾಲು ಕಟ್ಕೊಂಡ ಎದೆ ನೋವಲ್ಲಿ ಕೈ ನಡುಗಿದ್ರೆ ಎಳೆ ಕಡಿಯುತ್ತೆ. ಮ್ಯಾನೇಜರಿಗೆ ಹೇಳ್ದೆ, ನಕ್ಕರು. ನಮ್ಮಮ್ಮಾನೂ ಇದೇ ಶೆಡ್ಡಲ್ಲಿ ನೂಲು ತೆಗೀತಿದ್ಲು. ಆಗ ಕೋಣೆ ಇರಲಿಲ್ಲ, ಬೇಸಿನ್ ಪಕ್ಕದಲ್ಲೇ ಮಲಗಿಸ್ತಿದ್ದಳಂತೆ. ನಾನು ಅತ್ತಿದ್ದಕ್ಕೆ ಬದುಕಿದೆ."

ಅವಳು ತಲೆ ತಗ್ಗಿಸಿದಳು. "ನನ್ನ ಪಿಟೀಲಿಗೆ ಅವಮಾನ ಮಾಡ್ತಿದೀರಿ ಅನ್ಕೊಂಡಿದ್ದೆ..."

"ಪಿಟೀಲು ಚೆನ್ನಾಗಿದೆ. ಅದೇ ತೊಂದರೆ. ಕೆಟ್ಟದಾಗಿ ನುಡಿಸೋರಾಗಿದ್ದಿದ್ರೆ ಮಕ್ಕಳಿಗೆ ಹಾಲು ಸಿಗ್ತಿತ್ತು."

ಅವಳ ಕಣ್ಣಲ್ಲಿ ನೀರಿತ್ತು. ಸಿಟ್ಟಿನ ನೀರು. ಅವನ ಅಂಗೈಯ ಬಟ್ಟೆಯಲ್ಲಿ ರಕ್ತ ಒಸರಿದ್ದು ಆಗ ಕಂಡಿತು. ಗಿಟಾರ್ ಹಿಡಿಯುವ ಕೈ! ತಾನು ಕೊಟ್ಟ ದೂರಿಗೆ ಒಡೆದ ಕೈ!

"ಸೋಮವಾರ ಇನ್‌ಸ್ಪೆಕ್ಟರ್ ಬರ್ತಾರೆ," ಎಂದಳು.

"ಗೊತ್ತು. ನಿಮ್ಮ ಆರ್ಡರೂ ಆವತ್ತೇ ಅಂತೆ."

ಅವಳು ತಿರುಗಿ ಮಕ್ಕಳ ಕೋಣೆಯ ಕಡೆ ನಡೆದಳು.

*

ಸೋಮವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ವೆಂಕಟರಾಮಪ್ಪ ಇನ್‌ಸ್ಪೆಕ್ಟರ್ ಅಮ್ಮನವರನ್ನು ಕರೆತಂದರು. ಖಾದಿ ಸೀರೆ, ದಪ್ಪ ಕನ್ನಡಕ. ಮಕ್ಕಳೆಲ್ಲ ಮಲಗಿದ್ದವು.

"ಶಾಸ್ತ್ರೀಯ ಜೋಗುಳ ಮೇಡಂ!" ಮ್ಯಾನೇಜರ್ ಪಿಸುಗುಟ್ಟಿದರು. "ಇಡೀ ಜಿಲ್ಲೇಲಿ ಇಲ್ಲ. ನುಡಿಸಮ್ಮ, ನುಡಿಸು!"

ಆದಿಲಕ್ಷ್ಮಿ ಪಿಟೀಲನ್ನು ಎದೆಗಿಟ್ಟುಕೊಂಡಳು. ಅಪ್ಪ ನೆನಪಾದರು. ಅಪಸ್ವರ ಬಂದರೆ ಬೆರಳಿಗೆ ಹೊಡೆಯುತ್ತಿದ್ದ ಅಪ್ಪ.

'ಇವತ್ತೊಂದು ದಿನ ಕಿವಿ ಮುಚ್ಚಿಕೊಳ್ಳಪ್ಪ...'

ಕಮಾನನ್ನು ತಂತಿಗೆ ಒತ್ತಿ, ಅಡ್ಡಾದಿಡ್ಡಿ ಎಳೆದಳು. ಕಿರ್ರ್ರ್...! ತಗಡು ಸೀಳಿದಂಥ ಸದ್ದು. ಇನ್ನೊಂದು. ಮತ್ತೊಂದು! ಅವಳು ಬದುಕಿನಲ್ಲಿ ಮೊದಲ ಸಲ ಬೇಕೆಂದೇ ಕೆಟ್ಟದಾಗಿ ನುಡಿಸಿದಳು.

ಹದಿನೆಂಟು ಮಕ್ಕಳೂ ಒಟ್ಟಿಗೆ ಚೀರಿದವು.

"ಏಯ್! ಏನು ಮಾಡ್ತಿದೀಯ? ತಲೆ ಕೆಟ್ಟಿದೆಯಾ?"

"ಪೆದ್ದಮ್ಮಾ!" ಆದಿಲಕ್ಷ್ಮಿ ಕೂಗಿದಳು. "ಮಕ್ಕಳು ಅಳ್ತಿದಾವೆ. ರೂಲಿನ ಪ್ರಕಾರ ಹೋಗಿ ಕರಿ!"

ಪೆದ್ದಮ್ಮ ಅಂಗಳದಲ್ಲಿ ನಿಂತು ಒಂದೊಂದೇ ಹೆಸರು ಕೂಗಿದಳು. "ಮುನಿಗಂಗಾ...! ರಹಮತೂ...! ಅಮ್ಮಾಜೀ...!" ಹದಿನೆಂಟು ಹೆಸರು! ಶೆಡ್ಡಿನಲ್ಲಿ ರಾಟೆಗಳು ಒಂದೊಂದಾಗಿ ನಿಂತವು. ಒದ್ದೆ ರವಿಕೆಯ ಹೆಂಗಸರು ಇನ್‌ಸ್ಪೆಕ್ಟರರನ್ನು ತಳ್ಳಿಕೊಂಡೇ ಒಳಗೆ ನುಗ್ಗಿದರು.

"ಇವರೆಲ್ಲ ಯಾಕೆ ಒಟ್ಟಿಗೆ ಬಂದರು?" ಅಮ್ಮನವರು ಕೇಳಿದರು. "ಹಾಲು ಕೊಡೋ ಹೊತ್ತು ಯಾವುದು ಇಲ್ಲಿ?"

ಮ್ಯಾನೇಜರ್ ಬಾಯಿ ತೆರೆದರು. ಅಷ್ಟರಲ್ಲಿ ಆದಿಲಕ್ಷ್ಮಿ ಹೇಳಿದಳು. "ಇಲ್ಲಿ ಅಂಥ ಹೊತ್ತೇ ಇಲ್ಲ ಮೇಡಂ. ಮಗು ಅತ್ತರೆ ಮಾತ್ರ ಹಾಲು. ಅಳದೇ ಇರೋ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ ಆಗಿತ್ತು. ಹನ್ನೆರಡು ದಿನ ಮಾಡಿದೀನಿ. ಬರ್ಕೊಳ್ಳಿ, ನನ್ನ ಹೆಸರೂ ಸೇರಿಸಿ."

ಅಮ್ಮನವರು ನಿಂತುಕೊಂಡೇ ಬರೆದರು. ಬಹಳ ಹೊತ್ತು ಬರೆದರು.

ಸದ್ದು ಕೇಳಿ ಬಾಯ್ಲರಿನಿಂದ ಓಡಿ ಬಂದ ಚನ್ನಕೇಶವ ಬಾಗಿಲಲ್ಲಿ ನಿಂತಿದ್ದ. ಮುಖವೆಲ್ಲ ಮಸಿ. ಸ್ಟೋರನ್ನೂ ಗುಡಿಸುತ್ತಿದ್ದ ಪೆದ್ದಮ್ಮ ಸೊಂಟದಿಂದ ಅದರ ಬೀಗದ ಕೈ ತೆಗೆದು, ಯಾರನ್ನೂ ಕೇಳದೆ ಹೋಗಿ ಗಿಟಾರ್ ತಂದು ಅವನ ಮುಂದಿಟ್ಟಳು.

ಮಕ್ಕಳ ಹೊಟ್ಟೆ ತುಂಬಿತ್ತು. ಮುನಿಗಂಗಮ್ಮ ಮಗನ ಬಾಯಿ ಒರೆಸಿ ಜೋಲಿಗೆ ಹಾಕಿ, ಆದಿಲಕ್ಷ್ಮಿಯನ್ನು ನೋಡಿದಳು. "ಈಗ ನುಡಿಸಮ್ಮ. ಸರಿಯಾಗಿ ನುಡಿಸು. ಅದು ಕೇಳಕ್ಕಾಗಲಿಲ್ಲ!"

ಹೆಂಗಸರೆಲ್ಲ ನಕ್ಕರು.

ಆದಿಲಕ್ಷ್ಮಿ ಬಿರಡೆ ತಿರುಗಿಸಿ ಶ್ರುತಿ ಮಾಡಿದಳು. ನೀಲಾಂಬರಿ ಎತ್ತಿದಳು. ಅವಳ ಕಮಾನು ಬಿಟ್ಟಲ್ಲಿ ಅವನ ಉಕ್ಕಿನ ತುಂಡು ಹಿಡಿಯಿತು. ಒಡೆದ ಅಂಗೈಗೆ ನೋವಾಗಿ ಎರಡು ಕಡೆ ಸ್ವರ ತಪ್ಪಿತು. ಅವಳು ಆ ಎರಡೂ ಕಡೆ ತನ್ನ ಸ್ವರ ಕೊಟ್ಟು ದಾಟಿಸಿದಳು.

*

ಹನ್ನೊಂದಕ್ಕೂ ಮೂರಕ್ಕೂ ಹಾಲು ಕೊಡಲು ಗಂಟೆ ಹೊಡೆಯಬೇಕೆಂದು ಅಂದೇ ಆಜ್ಞೆಯಾಯಿತು. ಚನ್ನಕೇಶವ ನೂಲು ಪರೀಕ್ಷೆಗೆ ವಾಪಸಾದ. ಪರ್ಮನೆಂಟ್ ಆರ್ಡರನ್ನು ಮಾತ್ರ ವೆಂಕಟರಾಮಪ್ಪ ಅವಳ ಕಣ್ಣ ಮುಂದೆಯೇ ಹರಿದರು. ಅವಳನ್ನು ತೆಗೆದುಹಾಕುವ ಧೈರ್ಯ ಅವರಿಗಿರಲಿಲ್ಲ, ಇಟ್ಟುಕೊಳ್ಳುವ ಮನಸ್ಸೂ ಇರಲಿಲ್ಲ.

ಸಂಜೆ ಚಿಂತಾಮಣಿ ಬಸ್ಸಿಗೆ ಕಾಯುತ್ತಿದ್ದಾಗ ಅವನು ಬಂದು ಎರಡು ಮಾರು ದೂರ ನಿಂತ.

"ಆರ್ಡರ್ ಹೋಯ್ತಂತೆ."

"ಹೋಗಲಿ. ಬೇಜಾರೇನಿಲ್ಲ." ಪಿಟೀಲಿನ ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿ, "ಸುಳ್ಳು ಯಾಕೆ? ಬೇಜಾರಿದೆ," ಎಂದಳು. "ಇನ್ನು ಅಮ್ಮ ಯಾವುದಾದ್ರೂ ಗಂಡು ಕರೆಸ್ತಾಳೆ. ಅವರು ಪಿಟೀಲು ಮಾರು ಅಂತಾರೆ."

"ಅಮ್ಮಂಗೆ ಹೇಳಿ, ಶಿಡ್ಲಘಟ್ಟದಲ್ಲಿ ಒಂದು ಗಂಡಿದೆ. ಸಂಬಳ ಕಡಿಮೆ, ಬಾಯಿ ಒರಟು. ಆದ್ರೆ ಪಿಟೀಲು ಮಾರಿದ್ರೆ ಅದು ನಿಮ್ಮನ್ನ ಒಪ್ಪಲ್ಲ."

ಅವಳ ಕಿವಿ ಬಿಸಿಯಾಯಿತು. "ಹೀಗೇನಾ ಕೇಳೋದು? ಬಸ್‌ಸ್ಟ್ಯಾಂಡಲ್ಲಿ, ಸಿಡುಕಿಕೊಂಡು?"

"ಮೂರು ದಿನ ನಿಮ್ಮನ್ನ ಬೈಕೊಂಡೇ ಮನೆಗೆ ಹೋದೆ. ನಾಲ್ಕನೇ ದಿನ ಬೈಯೋಕೆ ನೀವು ಎದುರಿಗಿಲ್ಲ ಅಂತ ಬಾಯ್ಲರನ್ನೇ ಬೈದೆ. ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ."

ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಅವಳು ಹತ್ತಿ, ಕಿಟಕಿಯ ಪಕ್ಕ ಕೂತು, ಪಿಟೀಲಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡಳು.

"ಕೈಗೆ ಅರಿಶಿನ ಹಚ್ಚಿ," ಎಂದಳು ಕಿಟಕಿಯಿಂದ. "ಭಾನುವಾರ ಮನೆಗೆ ಬನ್ನಿ. ಗಿಟಾರ್ ತನ್ನಿ."

"ಕಾಫಿ ಕೊಡ್ತೀರಾ?"

"ಕೊಡ್ತೀನಿ." ಆ ದಿನ ಮೊದಲ ಸಲ ಅವಳು ನಕ್ಕಳು. "ಈ ಸಲ ಲೋಟ ಎತ್ತಿಕೊಂಡು ಹೋಗಲ್ಲ."

ಅದು ಏನೆಂದು ಅವನಿಗೆ ಅರ್ಥವಾಗಲಿಲ್ಲ. ಆದರೂ ತಲೆಯಾಡಿಸಿದ.