ಫಿದೆಲಿನಾಳ ಗರಿಮನೆ

ಮಾರ್ಚ್ ಹನ್ನೊಂದು, ಮಂಗಳವಾರ ಬೆಳಿಗ್ಗೆ ಫಿದೆಲಿನಾ ಉಯಿಕಾಬ್ ಮಸಿ ಮೆತ್ತಿದ ಕೈಯಲ್ಲೇ ಠಾಣೆಗೆ ಬಂದಳು. ಹಿಂದಿನ ಸಂಜೆ ಅವಳು ಚರ್ಚಿಗೆ ಹೋಗಿದ್ದಾಗ ಯಾರೋ ತಾಳೆಗರಿ ಹೊದಿಸಿದ ಅವಳ ಗರಿಮನೆಗೆ ಬೆಂಕಿ ಇಟ್ಟಿದ್ದರು. ಇನ್‌ಸ್ಪೆಕ್ಟರ್ ಕಾವಿಚ್ ಎಫ್‌ಐಆರ್ ದಾಖಲಿಸಿ, ಪೇದೆ ತ್ಸುಕ್‌ನನ್ನು ಕರೆದುಕೊಂಡು ಹೊರಟ.

ಆ ಮನೆ ಯುಕತಾನ್ ಸೀಮೆಯಲ್ಲೆಲ್ಲ ಹೆಸರಾಗಿತ್ತು. ಊರಾಚೆ ಹಿಂದಿನ ಕಾಲದ ಮಾಯಾ ಜನರು ಕಟ್ಟಿದ ಅರಮನೆಯ ಗೋಡೆಯಲ್ಲಿ ಒಂದು ಪುಟ್ಟ ಗುಡಿಸಲನ್ನು ಕೆತ್ತಿದ್ದಾರೆ. ಅದೇ ಇಳಿಜಾರು ಮಾಡು, ಅದೇ ಒಂಟಿ ಬಾಗಿಲು ಫಿದೆಲಿನಾಳ ಮನೆಗೂ ಇದ್ದವು. ಅರಮನೆ ನೋಡಲು ಬಂದವರು ಇದನ್ನೂ ನೋಡದೆ ಹೋಗುತ್ತಿರಲಿಲ್ಲ.

ಪಂಚನಾಮೆಯ ವೇಳೆ ಕಾವಿಚ್ ಬೂದಿ ಕೆದಕಿದ. ಒಲೆಯ ಮೂರು ಕಲ್ಲು, ರುಬ್ಬುಗಲ್ಲು, ಕರಗಿದ ರೇಡಿಯೊ ಸಿಕ್ಕವು.

"ಮರದ ಪೆಟ್ಟಿಗೆ ಇತ್ತು ಅಂದ್ರಲ್ಲ, ಅದರ ಕಬ್ಬಿಣದ ಬೀಗ ಎಲ್ಲಿ?"

"ಇಲ್ಲೇ ಇರಬೇಕಲ್ಲ ಸಾಹೇಬ್ರೆ."

ಇರಲಿಲ್ಲ. ಅಂದರೆ ಬೆಂಕಿಗೆ ಮೊದಲೇ ಪೆಟ್ಟಿಗೆ ಹೊರಗೆ ಹೋಗಿತ್ತು. ಕಳ್ಳನಾಗಿದ್ದರೆ ರೇಡಿಯೊ ಬಿಡುತ್ತಿರಲಿಲ್ಲ.

"ಅದರಲ್ಲೇನಿತ್ತು?"

"ತೀರಿಹೋದ ಅಮ್ಮನ ಕಸೂತಿ ಅಂಗಿ. ಅಷ್ಟೇ."

"ಯಾರಿಗೆ ಬೇಕಾಗಿತ್ತು?"

ಫಿದೆಲಿನಾ ಎದುರಿನ ಸಿಮೆಂಟ್ ಮನೆಯತ್ತ ನೋಡಿ ತಲೆ ತಗ್ಗಿಸಿದಳು. ಅದು ಅವಳ ಅಕ್ಕ ಬೆನಿಲ್ದಾಳ ಮನೆ. ಕಾವಿಚ್ ತ್ಸುಕ್‌ನೊಂದಿಗೆ ಅಲ್ಲಿಗೆ ಹೋದ.

"ನಿನ್ನೆ ಸಂಜೆ ಎಲ್ಲಿದ್ರಿ, ಬೆನಿಲ್ದಕ್ಕ?"

"ಇಲ್ಲೇ ಬೇಯ್ತಾ ಇದ್ದೆ. ಸಿಮೆಂಟ್ ತಾರಸಿ ಕೆಳಗೆ ಇನ್ನೇನು ಮಾಡ್ತಾರೆ? ಗರಿ ಅಂದ್ಮೇಲೆ ಉರಿಯುತ್ತೆ. ಅವಳಿಗೆ ಹೇಳಿ ಹೇಳಿ ಸಾಕಾಗಿತ್ತು."

ಅಷ್ಟರಲ್ಲಿ ತ್ಸುಕ್ ಹಿತ್ತಲ ಕೋಣೆಯಿಂದ ಪೆಟ್ಟಿಗೆ ಹೊತ್ತು ತಂದ. ಬೆನಿಲ್ದಾ ಅದರ ಮುಚ್ಚಳದ ಮೇಲೆ ಕೈ ಇಟ್ಟಳು.

"ಅಮ್ಮನದ್ದನ್ನ ಸುಡೋಕೆ ಕೈ ಬರಲಿಲ್ಲ."

"ಮನೆ ಸುಡೋಕೆ ಬಂತಾ?"

"ಊರಲ್ಲೇ ಮೊದಲ ಸಿಮೆಂಟ್ ಮನೆ ನಂದು. ಆಗ ಎಲ್ಲ ಬಾಯಿ ಬಿಟ್ಕೊಂಡು ನೋಡಿದ್ರು. ಈಗ ಬಂದೋರೆಲ್ಲ ನನಗೆ ಬೆನ್ನು ಹಾಕಿ ಅವಳ ಮನೆ ನೋಡ್ತಾರೆ. ಶನಿವಾರ ಫೋಟೊ ತೆಗೆಯೋನೊಬ್ಬ, 'ಅಮ್ಮಾ, ಸ್ವಲ್ಪ ಆಚೆ ಸರೀರಿ, ಮನೆ ಕಾಣ್ತಿಲ್ಲ' ಅಂದ. ನಾನು ಹುಟ್ಟಿದ ಮನೆ ಅದು, ಸಾಹೇಬ್ರೆ."

ಕಾವಿಚ್ ಹೇಳಿಕೆ ಬರೆಸಿಕೊಂಡು ಅವಳನ್ನು ಬಂಧಿಸಿದ.

ಎರಡು ದಿನದ ಮೇಲೆ, ನ್ಯಾಯಾಲಯಕ್ಕೆ ಕರೆದೊಯ್ಯುವಾಗ ಬೆನಿಲ್ದಾ ಜೀಪಿನಲ್ಲಿ ಕಾವಿಚ್‌ನನ್ನು ಕೇಳಿದಳು.

"ಮತ್ತೆ ಗರಿಮನೆನೇ ಕಟ್ತಾಳಂತಾ?"

"ಹೌದು. ಊರಿನ ಗಂಡಸರೆಲ್ಲ ಗರಿ ಕಡಿಯೋಕೆ ಹೋಗಿದಾರೆ. ಹೆಂಗಸರು ಅಡುಗೆಗೆ ನಿಂತಿದಾರೆ."



"ನನ್ನ ಮನೆ ಕಟ್ಟುವಾಗ," ಅಂದಳು ಬೆನಿಲ್ದಾ, "ಒಬ್ಬರೂ ಬರಲಿಲ್ಲ."